ಎರಡು ಸಲ ತಟ್ಟಿದರೆ

ಇಪ್ಪತ್ತಾರು ವರ್ಷ ಕೂಗಿದ್ದಾರೆ ನಮ್ಮ ಮನೆಯವರು,
ಬೇಗೂರಿನಿಂದ ಮಾರ್ಕೆಟ್ಟಿನವರೆಗೆ:
ಬೊಮ್ಮನಹಳ್ಳಿ, ಸಿಲ್ಕ್ ಬೋರ್ಡ್, ಮಡಿವಾಳ, ಡೈರಿ ಸರ್ಕಲ್,
ಕಿದ್ವಾಯಿ ಇಳಿಯೋರು ಯಾರ್ರೀ, ಕಿದ್ವಾಯಿ.
ಇಳಿಯುವವರ ಕಂಕುಳಲ್ಲಿ ಎಕ್ಸ್‌ರೇ ಲಕೋಟೆ.
ಅವರಿಗೆ ಮಾತ್ರ ಯಾವತ್ತೂ ಚಿಲ್ಲರೆ ಬಾಕಿ ಹೇಳಿದವರಲ್ಲ.
ಅಷ್ಟೇ, ಇವರ ಕೈಲಾದ ದಯೆ.

ಹೋದ ಜುಲೈನಲ್ಲಿ ಆ ಸ್ಟಾಪಿನಲ್ಲಿ ನಾವೇ ಇಳಿದೆವು.
ಕೂಗಿದವನು ಮೀಸೆ ಚಿಗುರದ ಹುಡುಗ,
ಅರ್ಧ ಹೆಸರು ನುಂಗಿಕೊಂಡ.
‘ಬಿಡಿಸಿ ಹೇಳಬೇಕು’ ಎಂದರು ನನ್ನ ಕಿವಿಯಲ್ಲಿ,
ಒಡಕು ತಗಡಿನ ದನಿಯಲ್ಲಿ.
ಅವರ ಬಾಯಿಂದ ನಾನು ಕೇಳಿದ ಕೊನೆಯ ದೂರು ಅದು.

ಗಂಟಲಪೆಟ್ಟಿಗೆ ತೆಗೆದರು.
ಕತ್ತಿನ ಕುಳಿಯಲ್ಲಿ ಎಂಟಾಣೆಯಗಲದ ತೂತು,
ಅದರ ಮೇಲೆ ನಾನು ಹೊಲಿದ ಬಿಳಿ ಬಟ್ಟೆ.
ಟೋಕನ್ ಹುಡುಗಿ ‘ಇನ್ನಾಸಪ್ಪ, ಇನ್ನಾಸಪ್ಪ’ ಎಂದು ಕೂಗಿದರೆ
‘ಹ್ಞಾಂ’ ಎನ್ನಲಾಗದೆ
ಶಾಲೆಯ ಮಗುವಿನಂತೆ ಕೈಯೆತ್ತುವರು.

ಸರ ಗಿರವಿಗೆ ಹೋಯಿತು.
ಶಿಲುಬೆ ಬಿಚ್ಚಿಕೊಳ್ಳುತ್ತಿದ್ದರೆ ಅಂಗಡಿಯವನು
‘ಅದೂ ಕೊಡಿ ಅಮ್ಮಾ, ಎರಡು ಗ್ರಾಂ ಬರತ್ತೆ’ ಎಂದ.
ಕೊಡಲಿಲ್ಲ.
ಭಕ್ತಿಯಿಂದಲ್ಲ, ಹಟದಿಂದ.
ರಾತ್ರಿ ಜಪಸರ ಹಿಡಿದರೆ ಮಣಿಮಣಿಗೂ
ಔಷಧಿ ಬಿಲ್ಲಿನ ಅಂಕಿಗಳೇ ಬರುತ್ತಿದ್ದವು.
ಮಾತೆಯೇ, ನಿನಗೆ ಎಷ್ಟೋ ಸಲ
ಜಿಎಸ್‌ಟಿ ಸಮೇತ ಲೆಕ್ಕ ಒಪ್ಪಿಸಿದ್ದೇನೆ.

ಶುಭ ಶುಕ್ರವಾರ ಬಂತು.
ಪಾಡಿನ ವಾಚನದಲ್ಲಿ ಯೇಸುವಿನ ಮಾತು
ಪ್ರತಿ ವರ್ಷ ಇವರದೇ;
ಕೊನೆಯ ಬೆಂಚಿಗೂ ಟಿಕೆಟ್ ಹರಿದು ಕೊಟ್ಟಂತೆ ಸ್ಪಷ್ಟ.
ಈ ಸಲ ಓದಿದವನು ಚೌರಪ್ಪನ ಮಗ ಲಾರೆನ್ಸು.
ನಾನು ನೆಲ ನೋಡುತ್ತ ಕೂತೆ. ಇವರನ್ನು ನೋಡಲು ಧೈರ್ಯವಾಗಲಿಲ್ಲ.

ಸ್ವಾಮಿಗಳು ಹಿಂದಿನ ದಿನವೇ ಕರೆದು
ಹಲಗೆಗೆ ಹಲಗೆ ಬಡಿಯುವ ಮರದ ಗಂಟೆ ಕೊಟ್ಟಿದ್ದರಂತೆ.
‘ಭಾನುವಾರದವರೆಗೆ ಕಂಚಿನ ಗಂಟೆಗೂ ಬಾಯಿಲ್ಲವಲ್ಲ ಇನ್ನಾಸಪ್ಪ,
ನೀನು ಬಾ.’
ನನಗೆ ಹೇಳಿರಲಿಲ್ಲ. ಹೇಗೆ ಹೇಳಿಯಾರು?

ಪ್ರಭು ತಲೆ ಬಾಗಿಸುವ ಸಾಲು ಬಂದಾಗ
ಟಕ್.
ಒಂದು ಸೀಟಿ ಅಂದರೆ ನಿಲ್ಲು,
ಬೇಗೂರಿನಲ್ಲಿ ಯಾರಿಗೆ ಗೊತ್ತಿಲ್ಲ.
ಇಡೀ ಗುಡಿ ಮೊಣಕಾಲೂರಿತು.

ಎಷ್ಟು ಹೊತ್ತೋ.
ಒಂದು ಕೂಸು ಕೆಮ್ಮಿತು, ಮೇಲೆ ಫ್ಯಾನು ನರಳಿತು,
ಆಮೇಲೆ ಏನೂ ಇಲ್ಲ. ಬಟ್ಟೆಯ ಹಿಂದಿನಿಂದ
ಒಳಗೆ, ಹೊರಗೆ,
ಒಳಗೆ, ಹೊರಗೆ,
ಇವರ ಉಸಿರು.
ಆದಿಯಲ್ಲಿ ಮಣ್ಣಿಗೆ ಮೂಗಿನಲ್ಲಿ ಊದಿದನಂತೆ ದೇವರು;
ಕತ್ತಿನಲ್ಲಿ ಊದಲಾರನೆಂದು ಯಾರು ಹೇಳಿದರು?

ಟಕ್ ಟಕ್.
ಎರಡು ಅಂದರೆ ಹೊರಡು.
ಸೀರೆಗಳು ಸರಬರ ಎಂದವು, ಬೆಂಚುಗಳು ಕಿರುಗುಟ್ಟಿದವು,
ಮುನ್ನೂರು ಜನ ಎದ್ದರು.
ನಾನು ಸ್ವಲ್ಪ ತಡವಾಗಿ.

ಶನಿವಾರ ನಡುರಾತ್ರಿ ಕಂಚಿನ ಗಂಟೆ ಬಾರಿಸಿತು.
ಇವರ ಗಂಟಲು ಬಾರಿಸಲಿಲ್ಲ; ನಾನೂ ಕೇಳಿರಲಿಲ್ಲ.
ಮನೆಗೆ ತಂದ ಮೊಂಬತ್ತಿ ಆರಿಸಲು
ಬಾಯಿಯಿಂದ ಊದಿ ಊದಿ ಸೋತು
ಕಡೆಗೆ ಕತ್ತು ಬಗ್ಗಿಸಿ ಬಟ್ಟೆಯೆತ್ತಿ ಫುಸ್ ಎಂದರು.
ಕತ್ತಲಲ್ಲಿ ಅವರ ಹೆಗಲು ಕುಲುಕುತ್ತಿತ್ತು.
ಇಬ್ಬರ ಪಾಲಿನದೂ ನಾನೇ ನಕ್ಕೆ,
ಪಕ್ಕದ ಮನೆಯ ದೀಪ ಹತ್ತುವಷ್ಟು.

ಮಂಗಳವಾರ ಸ್ಕ್ಯಾನ್.
ಕಂಡಕ್ಟರ್ ಫೋನಿನಲ್ಲಿದ್ದ, ಕೂಗಲಿಲ್ಲ.
ಮುಂದಿನ ಸೀಟಿನ ಮುದುಕಿ ಲಕೋಟೆ ಅಪ್ಪಿಕೊಂಡು
ಕಿಟಕಿಯಲ್ಲಿ ಬೋರ್ಡು ಹುಡುಕುತ್ತಿದ್ದಳು.
ಇವರು ಕಂಬಿಯ ಮೇಲೆ ಉಂಗುರದಿಂದ ಕುಟ್ಟಿದರು:
ಒಂದು.
ಬಸ್ಸು ನಿಂತಿತು. ಮುದುಕಿಯ ಕೈ ಹಿಡಿದು ಇಳಿಸಿದರು,
ಆಮೇಲೆ ನನ್ನನ್ನು.

ಗೇಟಿನಾಚೆ ಸಾಲು ಆಗಲೇ ರಸ್ತೆಗೆ ಬಂದಿತ್ತು.
ಇವರು ತಿರುಗಿ, ಬಸ್ಸಿನ ಪಕ್ಕೆಗೆ
ಹಳೇ ಅಂಗೈಯಿಂದ ಬಡಿದರು,
ಎರಡು ಸಲ.